ಓದುಗರ ಸ್ಪಂದನ: ಮೊದಲ ಪ್ರದರ್ಶನವೇ ಕೊನೆಯದಾದರೆ?

ಪಾಶ್ಚಾತ್ಯ ಶಾಸ್ತ್ರೀಯ ಸಂಯೋಜಕರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಅಳಲು ತೋಡಿಕೊಂಡಿದ್ದರು. ಅವರ 40 ನಿಮಿಷದ ಸಿಂಫನಿ (ಇಡೀ ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿ) ಒಮ್ಮೆ ನುಡಿದು ಮೂಲೆ ಸೇರಿತು. ನೌಕರಿ ಬಿಟ್ಟು ಪೂರ್ತಿ ಇದಕ್ಕೇ ಇಳಿಯಲೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಹೆಚ್ಚಿನವು ನೌಕರಿಯನ್ನು ಮುಟ್ಟಲೇ ಇಲ್ಲ. ಈ ಮೊದಲನೆಯದು ಉದ್ದವಾಯಿತು, ಕತ್ತರಿಸಲು ಮನಸ್ಸಾಗಲಿಲ್ಲ.

*

ಕೃತಿ ಸಾಯುವುದು ವೇದಿಕೆಯ ಮೇಲಲ್ಲ ಸ್ವಾಮಿ, ಒಬ್ಬೊಬ್ಬ ವಾದಕರ ಸ್ವರಹಾಳೆಗಳಲ್ಲಿ, ಅಂದರೆ ಪಾರ್ಟ್‌ಗಳಲ್ಲಿ. ಹೊಸ ಕೃತಿಗೆ ರಿಹರ್ಸಲ್‌ನಲ್ಲಿ ಸಿಗುವ ಹೊತ್ತೇ ಕಡಿಮೆ. ಅದರಲ್ಲೂ ಅರ್ಧ ‘ನನ್ನ ಹಾಳೆಯಲ್ಲಿ ಇದು ಷಾರ್ಪಾ, ಅಲ್ಲವಾ?’ (ಷಾರ್ಪ್ ಎಂದರೆ ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು, ಫ್ಲ್ಯಾಟ್ ಇಳಿಸುವುದು) ಎಂಬುದಕ್ಕೇ ಹೋದರೆ ಸಂಗೀತಕ್ಕೆ ಉಳಿಯುವುದೆಷ್ಟು? ತಂತ್ರಾಂಶ ಸ್ಕೋರಿನಿಂದ, ಅಂದರೆ ಎಲ್ಲ ವಾದ್ಯಗಳ ಸಾಲೂ ಇರುವ ಪೂರ್ಣ ಪ್ರತಿಯಿಂದ, ಪಾರ್ಟ್ ತೆಗೆದುಕೊಡುತ್ತದೆ. ಪುಟ ಎಲ್ಲಿ ತಿರುಗಿಸಬೇಕೆಂಬುದನ್ನು ಅದಕ್ಕೇ ಬಿಟ್ಟರೆ ಕೆಟ್ಟಿರಿ. ಬಲಪುಟದ ಕೊನೆಗೆ ವಿರಾಮ ಬರುವಂತೆ ನೀವೇ ಹೊಂದಿಸಬೇಕು. ತಂತಿವಾದ್ಯಗಳಲ್ಲಿ ಇಬ್ಬರಿಗೆ ಹಾಳೆ ಇಡುವ ಒಂದೇ ಸ್ಟ್ಯಾಂಡ್. ಎಲ್ಲ ಸ್ಟ್ಯಾಂಡಿನಲ್ಲೂ ಒಬ್ಬರು ಪುಟ ತಿರುಗಿಸುವಾಗ ಆ ವಿಭಾಗದ ಅರ್ಧ ದನಿ ಬಿದ್ದುಹೋಗುತ್ತದೆ. ಸ್ವರ ಬರೆಯುವ ಐದು ಗೆರೆಗಳ ಒಟ್ಟು ಎತ್ತರ 7 ಮಿ.ಮೀ.ಗಿಂತ ಇಳಿದರೆ ಹಂಚಿಕೊಂಡು ಓದುವುದು ಕಷ್ಟ. ಸ್ಕೋರ್ ಕೇಳಿಸುವ ಸ್ವರದಲ್ಲೇ ಇರಲಿ, ಬರೆದದ್ದಕ್ಕಿಂತ ಕೆಳಗೆ ಕೇಳಿಸುವ ವಾದ್ಯಗಳ ಪಾರ್ಟ್ ಹಾಗಿರಕೂಡದು: ಬಿ-ಫ್ಲ್ಯಾಟ್ ಕ್ಲಾರಿನೆಟ್‌ಗೆ ಒಂದು ಪೂರ್ಣ ಸ್ವರ ಮೇಲೆ, ಎಫ್ ಹಾರ್ನ್‌ಗೆ ಸ–ಪ ಅಂತರದಷ್ಟು ಮೇಲೆ ಬರೆಯಬೇಕು. 30 ಬಾರ್ (ತಾಳದ ಆವರ್ತದಂಥ ಅಳತೆ) ಸುಮ್ಮನೆ ಕೂತವರಿಗೆ ಎಲ್ಲಿ ಸೇರಬೇಕೆಂದು ತಿಳಿಯಲು, ಅವರ ಸರದಿಗೆ ಮುಂಚೆ ಬೇರೆ ವಾದ್ಯದ ಎರಡು ಬಾರನ್ನು ಚಿಕ್ಕದಾಗಿ ಅಚ್ಚು ಹಾಕಿಕೊಡಿ. ಹಾರ್ಪ್‌ಗೆ ಷಾರ್ಪ್-ಫ್ಲ್ಯಾಟ್ ಬದಲಿಸಲು 7 ಪೆಡಲ್, ಎಡಗಾಲಿಗೆ 3, ಬಲಗಾಲಿಗೆ 4. ಆ ಲೆಕ್ಕ ನೋಡದೆ ಷಾರ್ಪ್-ಫ್ಲ್ಯಾಟ್ ಸುರಿದರೆ ವಾದಕರು ಸ್ವರ ಬಿಟ್ಟುಬಿಟ್ಟು ನುಡಿಸುತ್ತಾರೆ, ಕೆಟ್ಟ ಹೆಸರು ನಿಮಗೆ. ಇದೆಲ್ಲ ಗುಮಾಸ್ತಗಿರಿ ಎನ್ನುವ ಸಂಯೋಜಕರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಗುಮಾಸ್ತಗಿರಿಯೇ. ಮಾಡಿ.
— ಆರ್ಕೆಸ್ಟ್ರಾ ಗ್ರಂಥಪಾಲಕರು

*

ಇನ್ನೊಬ್ಬರಿಗೆ ಅಷ್ಟು ತಾಳ್ಮೆ ಇರಲಿಲ್ಲ.

40 ನಿಮಿಷವೇ! ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು ಕಾರ್ಯಕ್ರಮದ ಆರಂಭದ 10 ನಿಮಿಷ. ಅದು ತಿಳಿಯದೆ ಬರೆದು ಆರ್ಕೆಸ್ಟ್ರಾವನ್ನು ದೂರಬೇಡಿ.

*

ಒಪ್ಪಂದದ ವಿಚಾರ ಯಾರೂ ಕೇಳಿರಲಿಲ್ಲ. ಆದರೂ ಇರಲಿ.

ಕಮಿಷನ್ ಹಣದ (ಕೃತಿ ಬರೆಸಿಕೊಳ್ಳುವ ತಂಡ ಕೊಡುವ ಸಂಭಾವನೆಯ) ಅರ್ಧ ಸಹಿಯ ದಿನ, ಉಳಿದರ್ಧ ಸ್ಕೋರ್ ಒಪ್ಪಿಸಿದ ದಿನ. ‘ಪ್ರದರ್ಶನದ ನಂತರ’ ಎಂದಿದ್ದರೆ ಕಾರ್ಯಕ್ರಮ ರದ್ದಾದಾಗ ಹಣಕ್ಕೂ ಕುತ್ತು. ಪಾರ್ಟ್ ತಯಾರಿಕೆಯ ಖರ್ಚು ಪ್ರತ್ಯೇಕ ಬರೆಸಿ. ಬರೆಸಿದ ತಂಡವೊಂದೇ ನುಡಿಸುವ ಹಕ್ಕಿಗೆ ಒಂದು ವರ್ಷದ ಗಡಿ ಹಾಕಿ. ಧ್ವನಿಮುದ್ರಣವನ್ನು ಬೇರೆ ತಂಡಗಳಿಗೆ ಕೇಳಿಸುವ ಅನುಮತಿಯನ್ನೂ ಆಗಲೇ ಬರೆಸಿಕೊಳ್ಳಿ; ಆಮೇಲೆ ಒಬ್ಬೊಬ್ಬ ವಾದಕರ ಹಿಂದೆ ಅಲೆಯಬೇಕಾದೀತು.

*

ಕೇಳಿದ್ದಕ್ಕೇ ಉತ್ತರಿಸಿದ ಪತ್ರ ಇದೊಂದೇ, ಕೊನೆಗೆ ಇಟ್ಟುಕೊಂಡಿದ್ದೆವು.

ನೌಕರಿ ಬಿಡಬೇಡಿ. ಅಮೆರಿಕದ ಸಂಯೋಜಕ ಚಾರ್ಲ್ಸ್ ಐವ್ಸ್ ವಿಮಾ ವ್ಯವಹಾರ ನಡೆಸುತ್ತಲೇ ಬರೆದರು. ಅವರ ಮೂರನೇ ಸಿಂಫನಿಗೆ ಪುಲಿಟ್ಜರ್ ಪ್ರಶಸ್ತಿ ಬಂದದ್ದು 1947ರಲ್ಲಿ, ಬರೆದು ದಶಕಗಳು ಕಳೆದ ಮೇಲೆ. ಅದೇ ದೇಶದ ಸಂಯೋಜಕ ಫಿಲಿಪ್ ಗ್ಲಾಸ್ 1976ರಲ್ಲಿ ತಮ್ಮ ಒಪೆರಾ (ಸಂಗೀತ ನಾಟಕ) ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸ್ ಏರಿದ ಮೇಲೂ ಟ್ಯಾಕ್ಸಿ ಓಡಿಸಿದರು. ಸದ್ಯಕ್ಕೆ ಸಿಂಫನಿಯ ಒಂದು ಭಾಗವನ್ನು ಫ್ಲೂಟ್, ಚೆಲೊ, ಪಿಯಾನೊಗೆ 8 ನಿಮಿಷದಲ್ಲಿ ಇಳಿಸಿ. 80 ಜನರನ್ನು ಇನ್ನೊಮ್ಮೆ ಕೂಡಿಸುವುದಕ್ಕಿಂತ ಮೂವರನ್ನು ಒಪ್ಪಿಸುವುದು ಸುಲಭ. ಪಿಯಾನೊ ಪಾರ್ಟಿನಲ್ಲಿ ಉಳಿದಿಬ್ಬರ ಸಾಲುಗಳನ್ನೂ ಚಿಕ್ಕದಾಗಿ ಕೊಡಿ.