ಅಪ್‌ಡೇಟ್: ಚೆಸ್ ಟೂರ್ನಿಯಲ್ಲಿ ನನಗಿಂತ 400 ರೇಟಿಂಗ್ (ಆಟಗಾರರ ಬಲ ಅಳೆಯೋ ಅಂಕಿ) ಜಾಸ್ತಿ ಇದ್ದವರ ಜೊತೆ ಡ್ರಾ ಆಯ್ತು!

ಮೊದಲ ಸುತ್ತಲ್ಲೇ ನನಗಿಂತ ತುಂಬಾ ಬಲಶಾಲಿ ಸಿಕ್ಕರೆ ಹೇಗೆ ಆಡೋದು ಅಂತ ಹೋದ ವಾರ ಕೇಳಿದ್ದೆ ಅಲ್ವಾ. ಸಿಕ್ಕೇ ಬಿಟ್ಟರು. ನಾನು 1480, ಅವರು 1880, ನನಗೆ ಕಪ್ಪು ಕಾಯಿ.

ಆಗ ನೀವು ಕೊಟ್ಟ 'ಬೇಗ ಡ್ರಾ ಕೇಳು' ಅನ್ನೋ ಸಲಹೆ ಕೈಕೊಟ್ಟಿತು. 14ನೇ ನಡೆಯಲ್ಲಿ ಕೇಳಿದೆ, ಅವರು ತಲೆ ಕೂಡ ಎತ್ತದೆ ನಡೆ ಆಡಿ ಗಡಿಯಾರ ಒತ್ತಿದರು. ಮುಜುಗರ ಆಯಿತು.

ಕೆಲಸ ಮಾಡಿದ್ದು 'ಫಿಲಿಡೋರ್ ಪೊಸಿಷನ್ ಕಲಿತುಕೋ' ಅಂದವರ ಮಾತು, ಅಂದರೆ ಆಟದ ಕೊನೆಯಲ್ಲಿ ಒಂದು ಪಾನ್ ಕಡಿಮೆ ಇದ್ದರೂ ಆನೆಯಿಂದ ಡ್ರಾ ಮಾಡಿಕೊಳ್ಳೋ ವಿಧಾನ. ಕೊನೆಗೆ ಅವರ ಹತ್ತಿರ ಆನೆ (ರೂಕ್) ಮತ್ತು ಒಂದು ಇ ಪಾನ್ (ಇ ಅನ್ನೋ ಉದ್ದ ಸಾಲಿನ ಪದಾತಿ), ನನ್ನ ಹತ್ತಿರ ಬರೀ ಆನೆ. ರಾಜನನ್ನು ಆ ಪಾನ್ ದಾರಿಯ ಕೊನೆಯ ಮನೆ ಇ8ರಲ್ಲಿ ಕೂರಿಸಿ ಆನೆಯನ್ನು ಆರನೇ ಸಾಲಲ್ಲೇ ಸುಮ್ನೆ ಆಚೆ ಈಚೆ ಆಡಿಸಿದೆ, ಪಾನ್ ಇ6ಕ್ಕೆ ಬಂದ ತಕ್ಷಣ ಆನೆ ಸೀದಾ ಒಂದನೇ ಸಾಲಿಗೆ, ಆಮೇಲೆ ಹಿಂದಿನಿಂದ ಚೆಕ್ ಮೇಲೆ ಚೆಕ್. ಪಾನ್ ಮುಂದೆ ಹೋಗಿತ್ತಲ್ಲ, ಅವರ ರಾಜನಿಗೆ ಅಡಗೋಕೆ ಜಾಗವೇ ಇರಲಿಲ್ಲ.

ನನಗೆ ಮೊದಲು ಗೊತ್ತಿಲ್ಲದಿದ್ದ ಇನ್ನೊಂದು ವಿಷಯ: 400 ಅಂತರ ಇದ್ದರೆ ನನ್ನಿಂದ ನಿರೀಕ್ಷೆ ಬರೀ 0.08 ಅಂಕವಂತೆ, ಹಾಗಾಗಿ ಕೆ ಫ್ಯಾಕ್ಟರ್ (ರೇಟಿಂಗ್ ಎಷ್ಟು ಏರಿಳಿಯಬೇಕು ಅನ್ನೋ ಗುಣಕ) 20 ಇರೋ ನನಗೆ ಡ್ರಾದ ಅರ್ಧ ಅಂಕಕ್ಕೇ 8.4 ರೇಟಿಂಗ್ ಸಿಗುತ್ತದೆ. ಎರಡನೇ ಸುತ್ತಲ್ಲಿ 1350ರ ಹುಡುಗನ ಕೈಲಿ ಸೋತೆ, ಅದು ಬೇರೆ ಕಥೆ ಬಿಡಿ.