ಟೆಕ್ಸಾಸ್‌ನಲ್ಲಿ ಆದ ಡೈವರ್ಸ್‌ನ ಸರ್ಟಿಫೈಡ್ ಡಿಕ್ರಿ ಯಾವ ಕೌಂಟಿಯಲ್ಲಿ ಕೇಳಬೇಕು?

ಮಲ್ಲಿಗೆಮೊಗ್ಗು

ನಮಸ್ಕಾರ. ಅಮೆರಿಕದಲ್ಲಿ ಹಳೇ ಡೈವರ್ಸ್ ಕಾಗದ ತೆಗೆಸಿದವರು ಯಾರಾದರೂ ಇದ್ದರೆ ದಯವಿಟ್ಟು ದಾರಿ ಹೇಳಿ.

ನನ್ನ ಮೊದಲ ಮದುವೆ 2011ರಲ್ಲಿ ಟೆಕ್ಸಾಸ್‌ನಲ್ಲಿ ಮುರಿಯಿತು. ಆಗ ಫ್ರಿಸ್ಕೋದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಆ ದಿನಗಳಲ್ಲಿ ಯಾವ ಕಾಗದವನ್ನೂ ನೆಟ್ಟಗೆ ನೋಡುವ ಸ್ಥಿತಿ ನನಗಿರಲಿಲ್ಲ, ವಕೀಲರು ಕೊಟ್ಟಿದ್ದನ್ನು ಒಂದು ಕವರ್‌ಗೆ ಹಾಕಿ ಎತ್ತಿಟ್ಟೆ, ಅಷ್ಟೇ. ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಸಿಟಿಜನ್ ಆಗಿದ್ದೇನೆ, ಹೋದ ವರ್ಷ ಮತ್ತೆ ಮದುವೆಯಾದೆ. ಗಂಡ ಇಂಡಿಯಾದಲ್ಲಿದ್ದಾರೆ, ಅವರನ್ನು ಇಲ್ಲಿಗೆ ಕರೆಸಿಕೊಳ್ಳಲು ಐ-130 ಅನ್ನುವ ಇಮಿಗ್ರೇಶನ್ ಅರ್ಜಿ ಹಾಕಬೇಕು. ಮೊದಲ ಮದುವೆ ಮುಗಿದಿದ್ದಕ್ಕೆ ಫೈನಲ್ ಡಿಕ್ರಿ ತೋರಿಸಬೇಕು ಅಂದರು ವಕೀಲರು. ಕವರ್ ತೆಗೆದು ನೋಡಿದರೆ ನಡುವಿನ ಪುಟಗಳ ಜೆರಾಕ್ಸ್ ಮಾತ್ರ ಇದೆ. ಕೋರ್ಟ್ ಹೆಸರು, ಕೇಸ್ ನಂಬರ್ ಇರುವ ಮೊದಲ ಪುಟ ಇಲ್ಲ, ಜಡ್ಜ್ ಸಹಿ ಇರುವ ಕೊನೆಯ ಪುಟವೂ ಇಲ್ಲ. ಎರಡು ರಾತ್ರಿ ನಿದ್ದೆ ಬಂದಿಲ್ಲ.

ಇಲ್ಲಿನ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಕೋರ್ಟ್‌ಗೆ ಹೋಗಿ ಕೇಳಿದೆ, ಟೆಕ್ಸಾಸ್ ಕೇಸು ನಮ್ಮಲ್ಲಿ ಇರುವುದಿಲ್ಲ ಅಂದರು. ಗೂಗಲ್ ಮಾಡಿದರೆ 90 ಡಾಲರ್ ಕೊಡಿ ಹುಡುಕಿ ಕೊಡ್ತೀವಿ ಅನ್ನುವ ಸೈಟ್ ಮೇಲೆ ಬರುತ್ತದೆ. ಅದು ಸರಿಯಾ? ಅರ್ಜಿ ಎಲ್ಲಿಗೆ ಹಾಕಬೇಕು? ಮಾಜಿ ಗಂಡನ ಒಪ್ಪಿಗೆ ಬೇಕಾ? ಅವರ ಜೊತೆ ಮಾತಿಲ್ಲ, ಮಾತಾಡುವ ಮನಸ್ಸೂ ಇಲ್ಲ.

ಪ್ಲೇನೋವಾಸಿ

ಮೊದಲು ಆ ಸೈಟ್‌ಗೆ ದುಡ್ಡು ಕೊಡಬೇಡಿ. ಅಂಥವರು ಎಲ್ಲೆಲ್ಲಿಂದಲೋ ಒಟ್ಟು ಮಾಡಿದ ಹೆಸರು, ತಾರೀಖು ಕೊಡುತ್ತಾರೆ, ಕೋರ್ಟಿನ ಸೀಲ್ ಇರುವ ಕಾಗದ ಕೊಡುವುದಿಲ್ಲ. ನಿಮಗೆ ಬೇಕಿರುವುದು ಆ ಸೀಲ್.

ಎರಡನೆಯದು, ಮಾಜಿ ಗಂಡನ ಒಪ್ಪಿಗೆ ಬೇಡ. ಟೆಕ್ಸಾಸ್‌ನಲ್ಲಿ ಫೈಲನ್ನು ಯಾರಿಗೂ ತೋರಿಸಬಾರದು ಅಂತ ಜಡ್ಜ್ ಮುಚ್ಚಿಡಿಸದೇ ಇದ್ದರೆ ಡೈವರ್ಸ್ ಡಿಕ್ರಿ ಸಾರ್ವಜನಿಕ ದಾಖಲೆ. ನೀವಂತೂ ಕೇಸಿನ ಪಾರ್ಟಿಯೇ. ಅವರಿಗೆ ಫೋನ್ ಮಾಡುವ ಪ್ರಮೇಯವೇ ಬರುವುದಿಲ್ಲ, ಆ ಚಿಂತೆ ಬಿಡಿ.

ಈಗ ಕೌಂಟಿ ವಿಷಯ. ನಿಮ್ಮ ಕೇಸಲ್ಲಿ ನಿಜವಾದ ತೊಡಕು ಇದೇ, ಯಾಕಂದರೆ ಫ್ರಿಸ್ಕೋ ಊರು ಎರಡು ಕೌಂಟಿಗಳಲ್ಲಿ ಹಂಚಿಹೋಗಿದೆ. ಪೂರ್ವದ ಭಾಗ ಕಾಲಿನ್ ಕೌಂಟಿ, ಪಶ್ಚಿಮದ ಭಾಗ ಡೆಂಟನ್ ಕೌಂಟಿ. ಹಳೇ ಮನೆಯ ವಿಳಾಸ ನೆನಪಿದ್ದರೆ ಎರಡೂ ಕೌಂಟಿಗಳ ಅಪ್ರೈಸಲ್ ಡಿಸ್ಟ್ರಿಕ್ಟ್ ಸೈಟ್‌ನಲ್ಲಿ ಹಾಕಿ ನೋಡಿ, ಮನೆ ತೆರಿಗೆಗೆ ಬೆಲೆ ಕಟ್ಟುವವರು ಅವರು, ಯಾವುದರಲ್ಲಿ ಸಿಗುತ್ತದೋ ಅದೇ ಆ ಮನೆಯ ಕೌಂಟಿ. ಬಾಡಿಗೆಗಿದ್ದರೂ ತೊಂದರೆ ಇಲ್ಲ, ಮಾಲೀಕರ ಹೆಸರಲ್ಲಿ ತೋರಿಸುತ್ತದೆ. ಆದರೆ ಒಂದು ಎಚ್ಚರ. ಗಂಡ ಹೆಂಡತಿಯಲ್ಲಿ ಯಾರಾದರೂ ಒಬ್ಬರು ಟೆಕ್ಸಾಸ್‌ನಲ್ಲಿ 6 ತಿಂಗಳು, ಆ ಕೌಂಟಿಯಲ್ಲಿ 90 ದಿನ ಇದ್ದರೆ ಅಲ್ಲಿ ಕೇಸ್ ಹಾಕಬಹುದು. ಹಾಗಾಗಿ ನಿಮ್ಮ ಮಾಜಿ ಗಂಡ ಮೊದಲೇ ಬೇರೆ ಮನೆ ಮಾಡಿ, ಡಾಲಸ್ ಕೌಂಟಿ ಕಡೆ ಹೋಗಿ ಅಲ್ಲೇ ಹಾಕಿರುವ ಸಾಧ್ಯತೆಯೂ ಇದೆ. ಕೇಸ್ ಹಾಕಿದ್ದು ನೀವಾ, ಅವರಾ?

ಕೌಂಟಿ ಗೊತ್ತಾದ ಮೇಲೆ ಕೇಳಬೇಕಾದ್ದು ಡಿಸ್ಟ್ರಿಕ್ಟ್ ಕ್ಲರ್ಕ್ ಆಫೀಸನ್ನು, ಕೌಂಟಿ ಕ್ಲರ್ಕ್ ಆಫೀಸನ್ನಲ್ಲ. ಇಲ್ಲೇ ಜಾಸ್ತಿ ಜನ ಎಡವುವುದು. ಕೌಂಟಿ ಕ್ಲರ್ಕ್ ಮದುವೆ ಲೈಸೆನ್ಸ್, ಜಮೀನು ಪತ್ರ ನೋಡಿಕೊಳ್ಳುತ್ತಾರೆ. ಡೈವರ್ಸ್ ಫೈಲು ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ. ಕಾಲಿನ್‌ದು ಮೆಕಿನ್ನಿಯಲ್ಲಿದೆ, ಡೆಂಟನ್‌ದು ಡೆಂಟನ್ ಊರಲ್ಲೇ. ಎರಡೂ ಕೌಂಟಿಗಳ ಸೈಟ್‌ನಲ್ಲಿ ಹೆಸರು ಹಾಕಿ ಕೇಸ್ ಹುಡುಕಬಹುದು. ಟೆಕ್ಸಾಸ್‌ನವರು ಕೇಸ್ ನಂಬರ್‌ಗೆ ಕಾಸ್ (cause) ನಂಬರ್ ಅನ್ನುತ್ತಾರೆ. ಅದೊಂದು ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಆಮೇಲೆ ಖುದ್ದಾಗಿ ಹೋಗಬೇಕಿಲ್ಲ. ಫೈನಲ್ ಡಿಕ್ರಿ ಆಫ್ ಡೈವರ್ಸ್, ಸರ್ಟಿಫೈಡ್ ಕಾಪಿ ಬೇಕು ಅಂತ ಇದೇ ಮಾತಲ್ಲಿ ಕೇಳಿ. ಸುಮ್ನೆ ಡೈವರ್ಸ್ ಪೇಪರ್ ಅಂದರೆ ಸಾದಾ ಕಾಪಿ ಕಳಿಸಿಬಿಡಬಹುದು. ಪುಟಕ್ಕೆ ಒಂದು ಡಾಲರ್‌ನಷ್ಟು, ಮೇಲೆ ಸರ್ಟಿಫೈ ಮಾಡಲು ಸ್ವಲ್ಪ. ಎಷ್ಟು ಪುಟ ಇದೆ ಅಂತ ಮೊದಲು ಕೇಳಿಕೊಂಡೇ ದುಡ್ಡು ಕಳಿಸಿ. ಆಸ್ತಿ, ಮಕ್ಕಳ ವಿಷಯ ಇದ್ದರೆ ಡಿಕ್ರಿ ತುಂಬ ಉದ್ದ ಇರುತ್ತದೆ.

ಮಲ್ಲಿಗೆಮೊಗ್ಗು

ತುಂಬ ಥ್ಯಾಂಕ್ಸ್ ಸರ್. ಕೇಸ್ ಹಾಕಿದ್ದು ನಾನೇ. ಮನೆ ಡೆಂಟನ್ ಕಡೆ ಅಂತ ಗೊತ್ತಾಯಿತು. ಆದರೆ ಅಲ್ಲಿ ನನ್ನ ಹೆಸರು ಹಾಕಿದರೆ ಏನೂ ಬರುತ್ತಿಲ್ಲ, ಕಾಲಿನ್‌ನಲ್ಲೂ ಇಲ್ಲ. ಕೇಸೇ ಮುಗಿಯದೆ ಉಳಿದುಬಿಟ್ಟಿತಾ ಅಂತ ಭಯ ಆಗುತ್ತಿದೆ. ಟೆಕ್ಸಾಸ್ ರಾಜ್ಯದ ಆರೋಗ್ಯ ಇಲಾಖೆ ಕೂಡ ಡೈವರ್ಸ್ ಪತ್ರ ಕೊಡುತ್ತದೆ ಅಂತ ಓದಿದೆ, ಅದನ್ನೇ ತರಿಸಿದರೆ ಸಾಲುವುದಿಲ್ವಾ?

ಗೌರಿಹಬ್ಬ

ಅಕ್ಕಾ, ಹೆದರಬೇಡಿ, ಅದು ಹೆಸರಿನ ಗೋಳು ಇರಬೇಕು. ನಮ್ಮ ಕಡೆಯವರಿಗೆ ಇದು ತುಂಬ ಆಗುತ್ತದೆ. ಮದುವೆ ಆದ ಮೇಲಿನ ಹೆಸರು, ತವರಿನ ಹೆಸರು, ಅಪ್ಪನ ಹೆಸರೇ ಸರ್‌ನೇಮ್ ಆಗಿದ್ದರೆ ಅದು, ಇನಿಷಿಯಲ್ ಬಿಡಿಸಿದ್ದು, ಬಿಡಿಸದೇ ಇದ್ದದ್ದು, ಹಿಂದುಮುಂದಾಗಿದ್ದು, ಹೀಗೆ ಎಲ್ಲ ಹಾಕಿ ನೋಡಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇದ್ದವರಿಗೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹೊಡೆದಿರುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅದೇ ಡ್ರೈವಿಂಗ್ ಲೈಸೆನ್ಸ್‌ಗೂ ಹೋಗಿ, ಅಲ್ಲಿಂದ ಕೋರ್ಟ್ ಕಾಗದಕ್ಕೂ ಹೋಗಿರುತ್ತದೆ. ಮಾಜಿ ಗಂಡನ ಹೆಸರಲ್ಲೂ ಹುಡುಕಿ, ಕೇಸು ಇಬ್ಬರದೂ ಅಲ್ವಾ.

ರಾಜ್ಯದ ಪತ್ರದ ಬಗ್ಗೆ: ಟೆಕ್ಸಾಸ್ ಆರೋಗ್ಯ ಇಲಾಖೆ ಕೊಡುವುದು ವೆರಿಫಿಕೇಶನ್ ಲೆಟರ್ ಮಾತ್ರ, 20 ಡಾಲರ್. 1968ರಿಂದ ಈಚೆಗೆ ಆದ ಡೈವರ್ಸ್‌ಗಳ ಪಟ್ಟಿ ಅವರಲ್ಲಿದೆ. ಡೈವರ್ಸ್ ದಾಖಲಾಗಿದೆ, ಇಂಥ ದಿನ, ಇಂಥ ಕೌಂಟಿ ಅನ್ನುತ್ತದೆ ಆ ಪತ್ರ. ಅದು ಡಿಕ್ರಿ ಅಲ್ಲ, ಡಿಕ್ರಿಯ ಜಾಗದಲ್ಲಿ ನಡೆಯುವುದೂ ಇಲ್ಲ. ಆದರೆ ಕೌಂಟಿಯೇ ಗೊತ್ತಿಲ್ಲದವರಿಗೆ ಒಳ್ಳೆಯ ಸುಳಿವು. ಯಾವ ದಾರಿಯೂ ಕಾಣದಿದ್ದರೆ ಅದನ್ನು ತರಿಸಿ, ಅದರಲ್ಲಿರುವ ಕೌಂಟಿಗೆ ಹೋಗಿ.

ಬೇರೆ ರಾಜ್ಯದವರು ಇದನ್ನು ಓದಿದರೆ ಅವರಿಗೂ ಹೇಳಿಬಿಡುತ್ತೇನೆ, ಎಲ್ಲ ಕಡೆ ಇದೇ ನಿಯಮ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಡೈವರ್ಸ್ ಆದವರು ಆ ಕೌಂಟಿಯ ಸುಪೀರಿಯರ್ ಕೋರ್ಟ್‌ಗೇ ಹೋಗಬೇಕು. ರಾಜ್ಯದ ಆರೋಗ್ಯ ಇಲಾಖೆಯಲ್ಲಿ 1962ರಿಂದ 1984ರ ಜೂನ್‌ವರೆಗಿನ ದಾಖಲೆ ಮಾತ್ರ ಇದೆ. ನ್ಯೂಯಾರ್ಕ್ ಇನ್ನೂ ಬಿಗಿ. ಅಲ್ಲಿ ಡೈವರ್ಸ್ ಫೈಲು 100 ವರ್ಷ ಮುಚ್ಚಿಟ್ಟಿರುತ್ತಾರೆ, ಕೋರ್ಟ್ ಆದೇಶ ಇಲ್ಲದೆ ಗಂಡ, ಹೆಂಡತಿ, ಅವರ ವಕೀಲರು ಬಿಟ್ಟರೆ ಬೇರೆ ಯಾರಿಗೂ ತೋರಿಸುವುದಿಲ್ಲ. ಕೌಂಟಿ ಹೆಸರುಗಳೂ ಅಲ್ಲಿ ಗೊಂದಲ. ಬ್ರೂಕ್ಲಿನ್ ಅಂದರೆ ಕಿಂಗ್ಸ್ ಕೌಂಟಿ, ಮ್ಯಾನ್‌ಹಟ್ಟನ್ ಅಂದರೆ ನ್ಯೂಯಾರ್ಕ್ ಕೌಂಟಿ, ಸ್ಟೇಟನ್ ಐಲ್ಯಾಂಡ್ ಅಂದರೆ ರಿಚ್‌ಮಂಡ್. ಪೆನ್ಸಿಲ್ವೇನಿಯಾದ ಎಷ್ಟೋ ಕೌಂಟಿಗಳಲ್ಲಿ ಡೈವರ್ಸ್ ಫೈಲು ಇಡುವ ಕ್ಲರ್ಕ್‌ಗೆ ಪ್ರೊಥೊನೊಟರಿ ಅಂತಾರೆ, ಗೊತ್ತಿಲ್ಲದವರು ಸೈಟ್‌ನಲ್ಲಿ ಅದನ್ನು ನೋಡಿ ದಾಟಿಕೊಂಡು ಹೋಗಿಬಿಡುತ್ತಾರೆ. ಇನ್ನು ಪೇಸರ್ ಅನ್ನುವ ಕೋರ್ಟ್ ದಾಖಲೆಗಳ ಸೈಟ್‌ನಲ್ಲಿ ಹುಡುಕುತ್ತಾ ಕೂರಬೇಡಿ, ಅದು ಫೆಡರಲ್ ಕೋರ್ಟ್‌ಗಳದ್ದು, ಡೈವರ್ಸ್ ನಡೆಯುವುದು ರಾಜ್ಯದ ಕೋರ್ಟ್‌ನಲ್ಲಿ.

ಮಲ್ಲಿಗೆಮೊಗ್ಗು

ಸಿಕ್ಕಿತು! ಡೆಂಟನ್‌ನಲ್ಲೇ ಇದೆ. ಮಾಜಿ ಗಂಡನ ಹೆಸರು ಹಾಕಿದ ತಕ್ಷಣ ಬಂತು. ನನ್ನ ಹೆಸರು ಎಫ್‌ಎನ್‌ಯು ಅಂತಲೇ ಇದೆ, ನೀವು ಹೇಳಿದ ಹಾಗೇ. ಆಗ ನನ್ನ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿತ್ತು, ಸಿಟಿಜನ್ ಆಗುವಾಗ ಸರಿಮಾಡಿಸಿಕೊಂಡೆ. ಡಿಕ್ರಿ ಸಹಿ ಆದ ತಾರೀಖೂ ಕಾಣುತ್ತಿದೆ. ನೋಡಿ ಅತ್ತುಬಿಟ್ಟೆ. ಆದರೆ ಡಿಕ್ರಿಯಲ್ಲಿ ಒಂದು ಹೆಸರು, ಈಗ ಇನ್ನೊಂದು ಹೆಸರು, ಇದಕ್ಕೇನು ಮಾಡಲಿ?

ಪ್ಲೇನೋವಾಸಿ

ಒಳ್ಳೆಯದಾಯಿತು. ಡಿಕ್ರಿಯಲ್ಲಿ ಹೆಸರು ತಿದ್ದಿಸಲು ಹೋಗಬೇಡಿ, ಆ ದಿನ ನಿಮ್ಮ ಹೆಸರು ಅದೇ ಆಗಿತ್ತು. ಸಿಟಿಜನ್ ಆಗುವಾಗ ಹೆಸರು ಬದಲಾಗಿದ್ದಕ್ಕೆ ಇರುವ ಕಾಗದದ ಕಾಪಿಯನ್ನು ಡಿಕ್ರಿ ಜೊತೆ ಇಡಿ. ಐ-130 ಫಾರ್ಮ್‌ನಲ್ಲಿ ಹಿಂದೆ ಇದ್ದ ಬೇರೆ ಹೆಸರುಗಳನ್ನು ಕೇಳುವ ಜಾಗ ಇದೆ, ಅಲ್ಲಿ ಹಳೇ ಹೆಸರನ್ನು ಎಫ್‌ಎನ್‌ಯು ಸಮೇತ ಬರೆಯಿರಿ. ಅರ್ಜಿ ಜೊತೆ ಓದಲು ಬರುವ ಜೆರಾಕ್ಸ್ ಕಳಿಸಿದರೆ ಸಾಕು. ಸರ್ಟಿಫೈಡ್ ಕಾಪಿಯನ್ನು ಭದ್ರವಾಗಿಟ್ಟು ಗಂಡನಿಗೆ ಕಳಿಸಿ, ವೀಸಾ ಇಂಟರ್‌ವ್ಯೂ ದಿನ ಅವರ ಕೈಯಲ್ಲಿರಲಿ. ಎರಡು ಕಾಪಿ ತರಿಸಿ, ಒಂದು ನಿಮ್ಮ ಹತ್ತಿರ.

ಹಳೇಸೈಕಲ್

ಎರಡಲ್ಲ, ಮೂರು ತರಿಸಿ ಅಂತೀನಿ. ಮೂರನೆಯದಕ್ಕೆ ಅಪೋಸ್ಟಿಲ್ ಮಾಡಿಸಿ, ಅಂದರೆ ಹೊರದೇಶದಲ್ಲಿ ತೋರಿಸಲು ಸರ್ಕಾರ ಲಗತ್ತಿಸುವ ದೃಢೀಕರಣ. ಇಂಡಿಯಾದ ಯಾವುದಾದರೂ ಕಚೇರಿ ಈ ಡಿಕ್ರಿ ಕೇಳಿದರೆ ಅಮೆರಿಕದ ಕೋರ್ಟ್ ಸೀಲ್ ಒಂದನ್ನೇ ನೋಡಿ ಒಪ್ಪದೆ ಇರಬಹುದು. ಇಂಡಿಯಾ 2005ರಿಂದ ಅಪೋಸ್ಟಿಲ್ ಒಪ್ಪಂದದಲ್ಲಿದೆ. ಅದನ್ನು ಕೊಡುವುದು ಡಿಕ್ರಿ ಕೊಟ್ಟ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್, ಅಂದರೆ ನಿಮಗೆ ಟೆಕ್ಸಾಸ್ ರಾಜಧಾನಿ ಆಸ್ಟಿನ್‌ನಲ್ಲಿರುವ ಕಚೇರಿ. ನೀವಿರುವ ಕ್ಯಾಲಿಫೋರ್ನಿಯಾದಲ್ಲಿ ಆಗುವುದಿಲ್ಲ. ಫಾರ್ಮ್‌ನಲ್ಲಿ ದೇಶ ಇಂಡಿಯಾ ಅಂತ ಬರೆಯಿರಿ. ಸ್ಕ್ಯಾನ್ ಮಾಡಲು ಅಂತ ಸ್ಟೇಪ್ಲರ್ ಪಿನ್ ಮಾತ್ರ ಬಿಚ್ಚಬೇಡಿ. ನನ್ನ ತಂಗಿ ಬಿಚ್ಚಿದಳು, ಪುಟ ಬದಲಾಗಿಲ್ಲ ಅನ್ನುವುದಕ್ಕೆ ಏನು ಗ್ಯಾರಂಟಿ ಅಂತ ವಾಪಸ್ ಕಳಿಸಿದರು, ಮತ್ತೆ ಮೊದಲಿಂದ ತರಿಸಬೇಕಾಯಿತು.

ಇನ್ನೊಂದು ಮಾತು. ಅಪೋಸ್ಟಿಲ್ ಸಹಿ, ಸೀಲ್ ನಿಜ ಅಂತ ಮಾತ್ರ ಹೇಳುತ್ತದೆ. ಡಿಕ್ರಿ ಇಂಡಿಯಾದಲ್ಲಿ ನಡೆಯುತ್ತದಾ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ 1908ರ ಸಿವಿಲ್ ಪ್ರೊಸೀಜರ್ ಕೋಡ್‌ನ 13ನೇ ಸೆಕ್ಷನ್ ನೋಡುತ್ತಾರೆ. ಹಿಂದೂ ಪದ್ಧತಿಯಲ್ಲಿ ಮದುವೆಯಾಗಿ ಅಮೆರಿಕದಲ್ಲಿ ಡೈವರ್ಸ್ ಆಗಿದ್ದರೆ, ಇನ್ನೊಬ್ಬರು ಕೋರ್ಟಿಗೆ ಬಂದಿದ್ದರಾ, ಒಪ್ಪಿ ಸಹಿ ಹಾಕಿದ್ದರಾ ಅನ್ನುವುದು ಮುಖ್ಯ. ಡಿಕ್ರಿ ಕೈಗೆ ಬಂದ ಮೇಲೆ ಮೊದಲ ಎರಡು ಪುಟ ಓದಿ, ಯಾರ್‍ಯಾರು ಹಾಜರಿದ್ದರು ಅಂತ ಅಲ್ಲೇ ಬರೆದಿರುತ್ತದೆ.

ಮಲ್ಲಿಗೆಮೊಗ್ಗು

ಮೂರು ಕಾಪಿಗೆ ಇವತ್ತು ಅರ್ಜಿ ಹಾಕಿದೆ. ಮಾಜಿ ಗಂಡ ಆ ದಿನ ಕೋರ್ಟಿಗೆ ಬಂದಿದ್ದರು, ಸಹಿ ಹಾಕಿದ್ದೂ ನೆನಪಿದೆ. ಕಾಗದ ಬಂದ ತಕ್ಷಣ ಆ ಪುಟಗಳನ್ನು ಓದಿ ಇಲ್ಲೇ ಬರೆಯುತ್ತೇನೆ. ಪಿನ್ ಮುಟ್ಟುವುದಿಲ್ಲ.