ನೈಟ್ ಡ್ಯೂಟಿ ಮುಗಿಸಿ ಬಂದು ಪ್ರಾರ್ಥನೆಗೆ ಕೂತ್ರೆ ಮನಸ್ಸು ನಿಲ್ತಿಲ್ಲ, ನೀವೆಲ್ಲ ದಿನಾ ಹೇಗೆ ಮಾಡ್ತೀರ?

ರಾತ್ರಿಪಾಳಿ:
ಎಲ್ಲರಿಗೂ ವಂದನೆಗಳು. ನಾನು ಬೆಂಗಳೂರಲ್ಲಿ ಐಸಿಯು ನರ್ಸ್, ಊರು ಹಾಸನದ ಕಡೆ. ಮನೇಲಿದ್ದಾಗ ದಿನಾ ಸಾಯಂಕಾಲ ಏಳೂವರೆ ಆದ್ರೆ ಅಪ್ಪ ಚಾಪೆ ಹಾಸಿ ಕುಟುಂಬ ಪ್ರಾರ್ಥನೆಗೆ ಕೂರಿಸೋರು, ಕರೆಂಟ್ ಇಲ್ದಿದ್ರೆ ಮೇಣದಬತ್ತಿ ಹಚ್ಚಿಕೊಂಡು. ಹೋದ ವರ್ಷ ಅಪ್ಪ ತೀರಿಕೊಂಡ್ರು. ಆವಾಗಿಂದ ನನ್ನ ಪ್ರಾರ್ಥನೆ ಒಣಗಿ ಹೋಗಿದೆ. ಪಿಜಿಗೆ ಬರೋದೇ ಬೆಳಗ್ಗೆ ಎಂಟೂವರೆ, ಸ್ನಾನ ಮಾಡಿ ಸತ್ಯವೇದ (ಬೈಬಲ್) ತೆಗೆದು ಕೂತ್ರೆ ಒಂದೋ ತೂಕಡಿಕೆ ಇಲ್ಲಾಂದ್ರೆ ಕಿವಿಯೊಳಗೆ ಮಾನಿಟರ್ ಅಲಾರಂ ಕೇಳಿಸ್ತಾನೇ ಇರತ್ತೆ. ನಾಲ್ಕು ವಾಟ್ಸಾಪ್ ಗ್ರೂಪಿಂದ 'ಇಂದಿನ ವಾಗ್ದಾನ' ಬರತ್ತೆ, ಆಮೆನ್ ಅಂತ ಟೈಪ್ ಮಾಡ್ತೀನಿ, ಮಧ್ಯಾಹ್ನಕ್ಕೆ ಯಾವ ವಾಕ್ಯ ಅಂತಾನೂ ನೆನಪಿರಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪ್ರಾರ್ಥನೆ ಮಾಡು ಅಂತ ಸಭೇಲಿ ಒಬ್ರು ಹೇಳಿದ್ರು, ಆ ಹೊತ್ತಲ್ಲಿ ನಾನು ಪೇಷಂಟ್ ಪಕ್ಕ ನಿಂತಿರ್ತೀನಿ. ನನ್ನ ವಿಶ್ವಾಸ ಕಮ್ಮಿ ಆಗಿದ್ಯಾ? ದಿನಕ್ಕೆ ಒಂದು ಹಿಡಿ ಧೈರ್ಯ ಸಿಕ್ಕರೆ ಸಾಕು ನನಗೆ.

ಬೆಟಗೇರಿ ಅಕ್ಕೋರು:
ತಂಗಿ, ಮೊದಲ ನಿದ್ದಿ ಮಾಡವಾ. ಸತ್ಯವೇದದಾಗ 1 ಅರಸುಗಳು 19ನೇ ಅಧ್ಯಾಯ ತಗದು ಓದು, ಪ್ರವಾದಿ ಎಲೀಯ ಜೀವಾ ಸಾಕಾಗಿ ನನ್ನ ಪ್ರಾಣ ತಗೊಂಡ್ಬಿಡು ಅಂತ ಗಿಡದ ಬುಡಕ ಬಿದ್ಕೊಂಡಾಗ ದೇವರು ಅವಗ ಬೈಲಿಲ್ಲ, ಬುದ್ಧಿ ಹೇಳಲಿಲ್ಲ, ದೂತನ ಕೈಲೆ ರೊಟ್ಟಿ ನೀರು ಕಳಿಸಿದ, ತಿಂದು ಮತ್ತ ಮಲಕೊಂಡ, ಎರಡನೇ ಸಲಾನೂ ಎಬ್ಬಿಸಿ ತಿನ್ನಿಸಿದ. ದೇವರ ಆ ಮೆಲ್ಲಗಿನ ದನಿ ಕೇಳಿಸಿದ್ದು ಅದೆಲ್ಲಾ ಆದಮ್ಯಾಲೆ. ನಿದ್ದಿಗೆಟ್ಟ ಮೈಯಿಟ್ಕೊಂಡು ಕುಂತು ನನ್ನ ವಿಶ್ವಾಸ ಕಡಿಮಿ ಆಗೇದ ಅಂತ ತೂಕ ಮಾಡಬ್ಯಾಡ. ಗೆತ್ಸೇಮನೆ ತೋಟದೊಳಗ ಯೇಸು ಪ್ರಾರ್ಥನಾ ಮಾಡೂವಾಗ ಶಿಷ್ಯರಿಗೂ ಕಣ್ಣು ಎಳದಿದ್ದವು.

ನಾ ಹೆಂಗ ಮಾಡ್ತೀನಿ ಹೇಳ್ತೀನಿ. ದಿನದ ಕ್ಯಾಲೆಂಡರ್ ಹಾಳಿ ಹರೀತೇವಲ್ಲ, ಅದರ ಹಿಂದ ಒಂದ ಒಂದು ವಾಕ್ಯ ಬರದು ಒಲಿ ಮಗ್ಗಲ ಗ್ವಾಡಿಗೆ ಸಿಗಿಸ್ತೀನಿ. ರೊಟ್ಟಿ ಬಡಿಯೂವಾಗ ಅದನ್ನ ಹೇಳ್ಕೋತ ಬಡೀತೀನಿ, ಎಂಟು ರೊಟ್ಟಿ ಆಗೂದ್ರಾಗ ಬಾಯಿಗೆ ಬಂದಿರ್ತದ. 'ಯೆಹೋವನು ನನಗೆ ಕುರುಬನು. ಕೊರತೆಪಡೆನು' ಅನ್ನೂದನ್ನ ಸಣ್ಣಾಕಿ ಇದ್ದಾಗಿಂದ ಹೇಳೀನಿ, ಆದ್ರ ನಮ್ಮನಿಯವರು ಲಕ್ವಾ ಹೊಡದು ಹಾಸಿಗಿ ಹಿಡಿದಾಗ ಆ 'ಕೊರತೆಪಡೆನು' ಅನ್ನೂ ಒಂದು ಮಾತು ನನ್ನ ಗಂಟಲದಾಗ ಸಿಕ್ಕೊಂಡಿತ್ತು, ಹನ್ನೆರಡು ದಿನಾ ಅದ ಚೀಟಿ ಬದಲಿ ಮಾಡಲಿಲ್ಲ. ಹಳೇ ಭಾಷಾಂತರದ ಕನ್ನಡ ಬಿರುಸು ಅಂತ ಹುಡುಗ್ರು ಅಂತಾರ, ನನಗಂತೂ ಬಿರುಸಿರೂದಕ್ಕ ಅದು ಹಲ್ಲಿಗೆ ಸಿಗತದ, ಅಗೀಬೇಕಾಗತದ.

ಸತ್ಯವೇದದ ಕೀರ್ತನೆಗಳೊಳಗ ನಿನಗ ಅಂತ ಒಂದು ಕೀರ್ತನಿ ಅದ, 134. ಮೂರ ವಚನ. ರಾತ್ರಿ ಹೊತ್ತು ಆಲಯದಾಗ ನಿಂತು ಸೇವಾ ಮಾಡೂ ದೇವರ ಸೇವಕರಿಗೆ ಬರದದ್ದು ಅದು. ನಿನ್ನ ವಾರ್ಡಿನ್ಯಾಗ ನಿಂತು ಓದು.

ಕಡಲ ಬದಿ:
ಅಕ್ಕೋರು ಹೇಳಿದ್ದು ನೂರಕ್ಕೆ ನೂರು ಸರಿ ಉಂಟು. ನಾವು ಕಥೋಲಿಕರು, ಊರು ಮಂಗಳೂರು, ಮನೆಯಲ್ಲಿ ಸಂಜೆ ಜಪಸರ ಇತ್ತು, ಈಗ ನಾನೂ ಶಿಫ್ಟ್ ಕೆಲಸದವನೇ. ನಮ್ಮಲ್ಲಿ ಓದಿ ಧ್ಯಾನಿಸುವ ಹಳೆಯ ಕ್ರಮ ಒಂದು ಉಂಟು, 12ನೇ ಶತಮಾನದಲ್ಲಿ ಗೀಗೋ ಎಂಬ ಸನ್ಯಾಸಿ ಅದಕ್ಕೆ ನಾಲ್ಕು ಮೆಟ್ಟಿಲು ಹೇಳಿದ್ದರು: ಓದುವುದು, ಮೆಲುಕು ಹಾಕುವುದು, ಬೇಡುವುದು, ಆಮೇಲೆ ಸುಮ್ಮನೆ ಇರುವುದು. ಆ ಕೊನೆಯದ್ದೇ ನಮಗೆ ಕಷ್ಟ, ಕೇಳಿ ಮುಗಿದ ಕೂಡಲೇ ಎದ್ದು ಹೋಗ್ತೇವೆ. ಎರಡು ನಿಮಿಷ ಏನೂ ಕೇಳದೆ ಕೂತು ನೋಡಿ.

ಮತ್ತೆ ನೀವು ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬರ್ತೀರಲ್ಲ, ಆಗ ಸಂತ ಇಗ್ನೇಷಿಯಸರ ಆತ್ಮಶೋಧನೆ ಮಾಡ್ಬಹುದು. ಪುಸ್ತಕ ಬೇಡ, ಕಣ್ಣು ಮುಚ್ಚಬೇಕು ಅಂತಲೂ ಇಲ್ಲ. ಹ್ಯಾಂಡೋವರ್ ತಗೊಂಡ ಹೊತ್ತಿನಿಂದ ಕೊಟ್ಟ ಹೊತ್ತಿನವರೆಗೆ ರಾತ್ರಿಯನ್ನು ದೇವರ ಜೊತೆ ಒಮ್ಮೆ ತಿರುಗಿ ನೋಡುವುದು, ಮೊದಲು ಥ್ಯಾಂಕ್ಸ್ ಹೇಳ್ಳಿಕ್ಕೆ ಏನುಂಟು ಅಂತ ಹುಡುಕಬೇಕು, ಆಮೇಲೆ ಎಲ್ಲಿ ಸಿಡುಕಿದೆ, ಯಾರ ಮುಖ ನೋಡದೆ ದಾಟಿ ಹೋದೆ, ಅದಕ್ಕೆ ಕ್ಷಮೆ ಕೇಳಿ ನಾಳೆಯ ಒಂದು ಸಂಗತಿ ದೇವರ ಕೈಗೆ ಕೊಡುವುದು. ಹತ್ತು ನಿಮಿಷ ಸಾಕು. ನಾನು ವಾರದಲ್ಲಿ ಎರಡು ದಿನ ತಪ್ಪಿಸ್ತೇನೆ, ತಪ್ಪಿಸಿದ ದಿನ ಹೆಂಡತಿಗೆ ಗೊತ್ತಾಗ್ತದೆ, ಮಾತು ಒರಟಾಗಿರ್ತದೆ.

ರಜೆ ಸಿಕ್ಕಿದ್ರೆ ಮೈಸೂರು ರೋಡಿನ ಆಶೀರ್ವನಂ ಬೆನೆಡಿಕ್ಟಿನ್ ಮಠಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿಯ ಮೌನ ಬೇರೆಯೇ.

ಅಮ್ಮನ ಮಗ:
ಸಿಸ್ಟರ್, ನನ್ ತಾಯಿ ಹೋಗಿ ಮೂರ್ ವರ್ಷ ಆಯ್ತು. ಮೊದಲ ವರ್ಷ ನಾನು ಬರೀ ಸ್ತೋತ್ರ ಸ್ತೋತ್ರ ಅಂತಿದ್ದೆ, ಅಳು ಬಂದ್ರೆ ತಪ್ಪು ಅನ್ಕೊಂಡು ನುಂಗ್ತಿದ್ದೆ, ಆಮೇಲೆ ಒಬ್ಬರು ಪಾಸ್ಟರ್ 13ನೇ ಕೀರ್ತನೆ ತೋರಿಸಿದ್ರು, ಎಲ್ಲಿವರೆಗೆ ಅಂತ ನಾಲ್ಕು ಸಲ ಕೇಳ್ತಾನೆ ದಾವೀದ. 88 ಓದಿ ನೋಡಿ, ಅದು ಕತ್ತಲಲ್ಲೇ ಮುಗಿಯತ್ತೆ, ಕೊನೇಲಿ ಒಂದು ಒಳ್ಳೆ ಮಾತೂ ಇಲ್ಲ, ಆದ್ರೂ ಅದು ಸತ್ಯವೇದದಲ್ಲಿದೆ. ಅಪ್ಪ ಇಲ್ಲ ಅನ್ನೋದನ್ನ ದೇವರ ಮುಂದೆ ಬಾಯ್ಬಿಟ್ಟು ಹೇಳಿದ್ದೀರಾ? ನಾನು ಹೇಳಿದ ದಿನದಿಂದಲೇ ನನ್ನ ಪ್ರಾರ್ಥನೆಗೆ ಜೀವ ಬಂತು.

ಇನ್ನೊಂದು, ರಜೆ ಇದ್ರೂ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ ಅನ್ನೋ ಹಾಗಿದ್ರೆ ಕೌನ್ಸೆಲರ್ ಹತ್ರನೋ ಡಾಕ್ಟರ್ ಹತ್ರನೋ ಹೋಗಿ ದಯವಿಟ್ಟು. ನಾನೂ ಹೋಗಿದ್ದೆ. ಪ್ರಾರ್ಥನೆ ಬಿಟ್ಟು ಹೋಗಿದ್ದಲ್ಲ, ಪ್ರಾರ್ಥನೆ ಮಾಡಿಕೊಂಡೇ ಹೋಗಿದ್ದು.

ರಾತ್ರಿಪಾಳಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಎರಡು ವಾರ ಆದ್ಮೇಲೆ ಬರೀತಿದೀನಿ. ಈಗ ಬಂದ ತಕ್ಷಣ ಮಲಗಿಬಿಡ್ತೀನಿ, ಮೂರು ಗಂಟೆಗೆ ಎದ್ದು ಟೀ ಇಟ್ಕೊಂಡು ಕೂರ್ತೀನಿ. 134ನ್ನ ಚಿಕ್ಕ ಚೀಟೀಲಿ ಬರೆದು ಐಡಿ ಕಾರ್ಡ್ ಹಿಂದೆ ಇಟ್ಟಿದೀನಿ ಅಕ್ಕೋರೆ. ಮೊನ್ನೆ ರಾತ್ರಿ ಮೂರೂವರೆ ಹೊತ್ತಿಗೆ ವಾರ್ಡ್ ಸ್ವಲ್ಪ ತಣ್ಣಗಿತ್ತು, ಒಬ್ರು ವಯಸ್ಸಾದವರಿಗೆ ಮಗ್ಗುಲು ಬದಲಾಯಿಸಿ ಬೆನ್ನಿಗೆ ಪೌಡರ್ ಹಾಕಿ ದಿಂಬು ಸರಿ ಮಾಡ್ತಿದ್ದೆ, ಅಪ್ಪನಿಗೆ ಕೊನೇ ವಾರ ಹೀಗೇ ಮಾಡಿದ್ದು ನೆನಪಾಯ್ತು. ಕಾರ್ಡ್ ತಿರುಗಿಸಿ ಓದಿದೆ. ಆಮೇಲೆ ಸ್ಟೋರ್ ರೂಮಿಗೆ ಹೋಗಿ, ಕರ್ತನೇ ನನಗೆ ಅಪ್ಪ ಬೇಕು ಅಂತ ಜೋರಾಗೇ ಹೇಳಿದೆ. ಐದು ನಿಮಿಷ ಅತ್ತೆ, ಮುಖ ತೊಳ್ಕೊಂಡು ನಾಲ್ಕು ಗಂಟೆ ರೌಂಡಿಗೆ ಹೋದೆ. ಪಿಜೀಲಿ ನನ್ನ ರೂಮ್‌ಮೇಟ್ ಕೂಡ ಈಗ ಸಂಜೆ ಹೊತ್ತು ನನ್ನ ಜೊತೆ ಕೂರ್ತಾಳೆ, ಅವಳಿಗೆ ಯಾವ ಕೀರ್ತನೆಯಿಂದ ಶುರು ಮಾಡ್ಲಿ ಹೇಳಿ?

ಬೆಟಗೇರಿ ಅಕ್ಕೋರು:
121 ಓದಿಸವಾ. ತೂಕಡಿಸೂದಿಲ್ಲ, ನಿದ್ರಿ ಮಾಡೂದಿಲ್ಲ ಅಂತ ಅಲ್ಲಿ ಬರೂದು ದೇವರ ಬಗ್ಗೆ, ನಮ್ಮ ಬಗ್ಗೆ ಅಲ್ಲ. ಇಬ್ಬರೂ ಊಟಾ ಬಿಡಬ್ಯಾಡ್ರಿ.